ಮೂರನೆಯ ಸಾಕ್ಷ್ಯ

ಸರ್ವಾಂತರ್ಯಾಮಿಯೂ ಸರ್ವಸಾಕ್ಷಿಯೂ ಆದ ಪರಮಾತ್ಮನಿಗೆ ತಲೆಬಾಗಿ.

ನೂತನ ವರ್ಷದ ಪ್ರಥಮ ಮಾಸ, ಎಂಟನೆಯ ದಿನ, ಸೋಮವಾರ, ಸೂರ್ಯೋದಯಾನಂತರ.

ಚಿರಂಜೀವಿ ಮಗಳಿಗೆ ತಂದೆಯ ಅನೇಕ ಆಶೀರ್ವಾದಗಳು.

ನಾನೂ ನಿನ್ನ ಸೋದರತ್ತೆಯೂ ಭಗವತ್ಕೃಪೆಯಿಂದ ಕ್ಷೇಮವಾಗಿದ್ದೇವೆ. ನಿನ್ನ ಕ್ಷೇಮವನ್ನು ಕೂಡಲೇ ಬರೆದು ತಿಳಿಸತಕ್ಕದ್ದು.

ಪ್ರಾರ್ಥನಾ ಮಂದಿರದವರು ಒಪ್ಪಿಸಿದ ಪಾರಾಯಣ ಗ್ರಂಥದ ಹನ್ನೆರಡು ಸಂಪುಟಗಳಿಗೆ ರಟ್ಟು ಕಟ್ಟುವ ಕಾರ್ಯ ಇಂದು ಆರಂಭವಾಗುವುದರಿಂದ, ನನ್ನ ಗುರುಗಳು ಮಾಡುತ್ತಿದ್ದಂತೆ ದೇವರ ಸ್ಮರಣೆಯನ್ನೂ ದಿನದ ಉಲ್ಲೇಖವನ್ನೂ ಮೊದಲಿಗಿರಿಸಿ ಬರೆಯುತ್ತಿದ್ದೇನೆ. ನೀನು ಹತ್ತಿದ ರೈಲು ಇನ್ನೂ ಅರ್ಧ ದಾರಿಯಲ್ಲಿರಬಹುದು. ದೂರವಾಣಿಯ ಕೆಲಸಕ್ಕೆ ನನ್ನ ಕಿವಿಗಳು ಮೂರು ವರ್ಷದ ಹಿಂದೆಯೇ ರಾಜೀನಾಮೆ ಕೊಟ್ಟಿರುವುದರಿಂದ, ಪ್ರತಿ ಸೋಮವಾರದ ಈ ಕಾಗದವೇ ನಮ್ಮ ಸಂಭಾಷಣೆ.

ನಿನ್ನೆ ಭಾನುವಾರ ನೀನು ಹೊತ್ತು ಮುಳುಗುವವರೆಗೆ ಅಂಟು ಬಳಿದುಕೊಟ್ಟ ನಲವತ್ತು ಹಾಳೆಗಳನ್ನು ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿದೆ. ಒಂದರಲ್ಲೂ ಗುಳ್ಳೆಯಿಲ್ಲ, ಸುಕ್ಕಿಲ್ಲ. ಕೈಗವಸು ತೊಟ್ಟ ಬೆರಳು ಕುರುಡು ಎಂದು ನಿನಗೆ ಎಂಟನೆಯ ವಯಸ್ಸಿನಲ್ಲಿ ಹೇಳಿಕೊಟ್ಟದ್ದನ್ನು ನೀನು ಮರೆತಿಲ್ಲ. ಅಂಟಿನೊಳಗೆ ಸಾಸಿವೆಯಷ್ಟು ಗಂಟಿದ್ದರೂ ಬರಿಯ ಬೆರಳಿಗೆ ಅದು ತಿಳಿಯುತ್ತದೆ. ಸೂಕ್ಷ್ಮದರ್ಶಕದ ಮಸೂರ ಉಜ್ಜುವ ಕಾರ್ಖಾನೆಯವರು ನಿನ್ನನ್ನು ಅತ್ಯಂತ ನಯವಾದ ಕೆಲಸದ ಮೇಜಿಗೆ ಕೂರಿಸಿದ್ದು ಸುಮ್ಮನೆಯಲ್ಲ. ನಿನ್ನ ಕೈ ನಿನ್ನ ತಾಯಿಯ ಕೈ. ನಡುಕ ಬರುವುದಕ್ಕೆ ಮೊದಲು ಅವಳಿಗಿದ್ದ ಕೈ.

ನಿನ್ನ ಅತ್ತೆ ಹೊಲಿಗೆಯ ಸೂಜಿಯನ್ನು ತಲೆಗೂದಲಿಗೆ ಸಿಕ್ಕಿಸಿಕೊಂಡು ನನ್ನನ್ನು ಬೈದದ್ದನ್ನೂ ಯಥಾವತ್ತಾಗಿ ಬರೆಯುತ್ತೇನೆ: “ಏನೋ ಪಂಡಿತ, ಹುಡುಗಿ ಬೆರಳೆಲ್ಲ ಹೊಗೆಸೊಪ್ಪಿನ ಬಣ್ಣ ಮಾಡಿ ಕಳಿಸಿದ್ದೀಯಲ್ಲ. ನೋಡಿದೋರು ಚುಟ್ಟಾ ಸುತ್ತೋಳು ಅಂದ್ಕೊಂಡಾರು!” ಹೀಗೆ ಹೇಳಿ ತಾನೊಂದು ಚಿಟಿಕೆ ನಶ್ಯ ಏರಿಸಿದಳು.

ಬರುವ ಶನಿವಾರ ಸಂಜೆಯ ರೈಲಿಗೆ ಎದುರು ನೋಡುತ್ತೇವೆ. ಎಂಟನೆಯ ಸಂಪುಟ ನಿನ್ನದೇ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ತಂದೆ

•

ಜನವರಿ ೨೪

ತೀರ್ಥರೂಪ ತಂದೆಯವರಿಗೆ ಮಗಳ ನಮಸ್ಕಾರಗಳು.

ಎರಡು ಶನಿವಾರ ಬರಲಾಗಲಿಲ್ಲ. ಮುಂದಿನ ಕೆಲವು ವಾರವೂ ಆಗುವುದಿಲ್ಲ. ಕೆಲಸ ಹೆಚ್ಚಿದೆ. ನೀವು ಕಾಯಬೇಡಿ, ಎಂಟನೆಯ ಸಂಪುಟಕ್ಕೆ ಬೇರೆ ಯಾರನ್ನಾದರೂ ಕರೆಯಿರಿ.

ಒಂದು ವಿಷಯ ಕೇಳಬೇಕು. ಅಂಟಿಗೆ ನೀವು ಹಾಕುವ ಆ ಕಷಾಯದಲ್ಲಿ ಹೊಗೆಸೊಪ್ಪು ಎಷ್ಟಿರುತ್ತದೆ? ಅದು ಚರ್ಮದೊಳಗೆ ಇಳಿಯುತ್ತದೆಯೆ? ಅತ್ತೆಗೆ ಹೇಳಿ, ನಾನು ಚೆನ್ನಾಗಿದ್ದೇನೆ.

ನಿಮ್ಮ ಮಗಳು

•

ಜನವರಿ ೩೧

ಚಿರಂಜೀವಿ ಮಗಳಿಗೆ ಆಶೀರ್ವಾದಗಳು. ಇತ್ತ ಕ್ಷೇಮ. ಅತ್ತಣ ಕ್ಷೇಮಕ್ಕೆ ಬರೆಯುವುದು.

ನಿನ್ನ ಪ್ರಶ್ನೆ ಓದಿ ಈ ವೃದ್ಧನ ಎದೆ ಉಬ್ಬಿತು. ಕುಲವೃತ್ತಿಯ ಒಳಗುಟ್ಟನ್ನು ನೀನು ಕೇಳಿದ್ದು ಇದೇ ಮೊದಲು. ಒಂದು ಸೇರು ಹಿಟ್ಟಿಗೆ ಒಂದು ಹಿಡಿ ಹೊಗೆಸೊಪ್ಪಿನ ದಂಟು; ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಅರ್ಧಕ್ಕೆ ಇಳಿಯುವಂತೆ ಕುದಿಸಿ, ಬಟ್ಟೆಯಲ್ಲಿ ಸೋಸಬೇಕು. ನೀರು ಕಡುಗಂದು ಬಣ್ಣಕ್ಕೆ ಬರಬೇಕು. ಹಿಟ್ಟಿನ ರುಚಿಗೆ ಬರುವ ಹುಳು ಈ ಕಹಿಯನ್ನು ತಾಳದು. ನನ್ನ ಗುರುಗಳ ಗುರುಗಳು ಕಟ್ಟಿದ ಪುಸ್ತಕಗಳಲ್ಲಿ ಇಂದಿಗೂ ಒಂದು ತೂತಿಲ್ಲ. ಚರ್ಮಕ್ಕೆ ಇಳಿಯುತ್ತದೆಯೇ ಎಂದರೆ, ಇಳಿಯುತ್ತದೆ. ಕೆಲಸ ಕಲಿತ ಮೊದಲ ವಾರ ನನಗೆ ತಲೆ ಸುತ್ತಿ ವಾಂತಿಯಾಗಿತ್ತು. ಆಮೇಲೆ ಮೈ ಒಗ್ಗಿಹೋಯಿತು. ನಿನಗೂ ಎಳೆಯ ವಯಸ್ಸಿನಲ್ಲಿ ಹಾಗೆಯೇ ಆಗಿತ್ತು, ನೆನಪಿರಬಹುದು.

ಎಂಟನೆಯ ಸಂಪುಟವನ್ನು ಬೇರೆಯವರಿಗೆ ಕೊಟ್ಟಿಲ್ಲ. ಕಾಯುತ್ತದೆ. ನೀನು ಬಾರದಿರುವುದಕ್ಕೆ ಕೆಲಸವೇ ಕಾರಣವೆಂದು ನಾನು ನಂಬಿದ್ದೇನೆ. ನಿನ್ನ ಅತ್ತೆ ಮಾತ್ರ, “ಕೆಲಸ ಅಂತೆ ಕೆಲಸ! ಯಾರೋ ಸಿಕ್ಕಿದ್ದಾನೆ ಕಣೋ. ಭಾನುವಾರ ಅಪ್ಪನ ಅಂಟು ಕಲಸೋದಕ್ಕಿಂತ ಅದೇ ವಾಸಿ, ಬಿಡು” ಎನ್ನುತ್ತಾಳೆ. ಹಾಗಿದ್ದರೆ ಅದನ್ನೂ ಬರೆಯಬಹುದು. ನಾನು ಕೋಪಿಸಿಕೊಳ್ಳುವವನಲ್ಲ.

ನಿನ್ನ ತಂದೆ

•

ಫೆಬ್ರುವರಿ ೧೪

ಅಪ್ಪನಿಗೆ ನಮಸ್ಕಾರ.

ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ ಅನ್ನಿಸಿತು. ಸಮಾಧಾನದಿಂದ ಓದಿ.

ಈ ವರ್ಷದಿಂದ ಕಾರ್ಖಾನೆಯಲ್ಲಿ ತಂಬಾಕು ಮುಟ್ಟುವವರಿಗೆ ಕೆಲಸವಿಲ್ಲ. ಮೊದಲು ಹೊಗೆ ಮಸೂರಕ್ಕೆ ಮಂಕು ತರುತ್ತದೆ ಎಂದರು, ಆಮೇಲೆ ವಿಮೆಯವರ ಷರತ್ತು ಎಂದರು, ಈಗ ನಿಮ್ಮ ಒಳ್ಳೆಯದಕ್ಕೇ ಎನ್ನುತ್ತಾರೆ. ಅದಕ್ಕೊಂದು ಕ್ಷೇಮ ವಿಭಾಗ ತೆರೆದಿದ್ದಾರೆ. ಜನವರಿ ಎಂಟರ ಬೆಳಿಗ್ಗೆ, ನಾನು ನಿಮ್ಮಲ್ಲಿಂದ ರೈಲಿಳಿದು ನೇರವಾಗಿ ಹೋದ ದಿನ, ನಮ್ಮ ಸಾಲಿನ ಸರದಿ. ಒಂದು ಪ್ಲಾಸ್ಟಿಕ್ ಲೋಟ ಕೊಟ್ಟು ಶೌಚಾಲಯಕ್ಕೆ ಕಳಿಸಿದರು. ಯಾರೂ ನೀರು ಬೆರೆಸಬಾರದೆಂದು ನಲ್ಲಿಗೆ ಬಟ್ಟೆ ಸುತ್ತಿ ಕಟ್ಟಿದ್ದರು. ಬಾಗಿಲನ್ನು ಪೂರ್ತಿ ಮುಚ್ಚುವಂತಿಲ್ಲ. ಹೊರಗೆ ನಿಂತ ಹೆಂಗಸು ಉಗುರು ಕಚ್ಚಿಕೊಂಡು, “ಆಯ್ತಾ? ಇನ್ನೂ ಎಷ್ಟು ಹೊತ್ತು?” ಎಂದು ಕೇಳುತ್ತಿದ್ದಳು.

ನಾಲ್ಕು ದಿನಕ್ಕೆ ಕ್ಷೇಮಾಧಿಕಾರಿ ಕರೆಸಿದರು. ನನ್ನ ಮೂತ್ರದಲ್ಲಿ ನಿಕೋಟಿನ್ ಇದೆಯಂತೆ, ದಿನಕ್ಕೆ ಆರೇಳು ಸಿಗರೇಟು ಸೇದುವವರಲ್ಲಿ ಇರುವಷ್ಟು.

“ನಾನು ಸೇದಲ್ಲ ಮೇಡಂ.”

“ಎಲ್ರೂ ಇದನ್ನೇ ಹೇಳೋದಮ್ಮ. ಹೋದ ವಾರ ಒಬ್ಬ ಪಕ್ಕದ ಮನೆಯವನ ಹೊಗೆ ಕಿಟಕೀಲಿ ಬಂತು ಅಂದ. ನಿಂದೇನು?”

“ಪುಸ್ತಕದ ಅಂಟು.”

ಅವರು ಪೆನ್ನು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಅಬ್ಬಾ, ಇದು ಮಾತ್ರ ಹೊಸದು ಕಣಮ್ಮ! ನೋಡು, ನಂಗೇನೂ ನಿನ್ನ ಮೇಲೆ ಹಗೆ ಇಲ್ಲ. ಯಂತ್ರ ಹೇಳಿದ್ದನ್ನ ನಾನು ಹೇಳ್ತಿದ್ದೀನಿ ಅಷ್ಟೆ.”

ಆವತ್ತಿನಿಂದ ನನ್ನ ಗುರುತುಚೀಟಿಗೆ ಹಳದಿ ಪಟ್ಟಿ. ಉಜ್ಜುವ ಮೇಜಿನಿಂದ ಎಬ್ಬಿಸಿ, ಹೊರಹೋಗುವ ಪೆಟ್ಟಿಗೆಗಳಿಗೆ ಹತ್ತಿ ತುಂಬುವಲ್ಲಿ ನಿಲ್ಲಿಸಿದ್ದಾರೆ. ಹಳದಿ ಪಟ್ಟಿಯವರಿಗೆ ಊಟಕ್ಕೆ ಬೇರೆ ಬೆಂಚು. ಮಾರ್ಚ್ ಹದಿನೆಂಟಕ್ಕೆ ಎರಡನೆಯ ಪರೀಕ್ಷೆ. ಅದರಲ್ಲಿ ಚೊಕ್ಕವಾದರೆ ಮೇಜು ವಾಪಸು, ಇಲ್ಲದಿದ್ದರೆ ಕೆಲಸ ಹೋಯಿತು. ಅದಕ್ಕೇ ನಾನು ಬರುತ್ತಿಲ್ಲ. ನಿಮ್ಮ ಕಾಗದ ಬಿಚ್ಚುವಾಗಲೂ ಕೈ ತೊಳೆದುಕೊಳ್ಳುತ್ತೇನೆ. ನಗಬೇಡಿ.

ಇನ್ನೊಂದು ಇದೆ. ಪರೀಕ್ಷೆಯ ಜೊತೆಗೆ ನಲವತ್ತೆರಡು ಪ್ರಶ್ನೆಯ ನಮೂನೆ ತುಂಬಿಸಿಕೊಂಡರು. ಎಷ್ಟು ಹೊತ್ತು ನಿದ್ದೆ ಮಾಡುತ್ತೀರಿ, ಕಾರಣವಿಲ್ಲದೆ ಅಳುತ್ತೀರಾ, ಮಕ್ಕಳು ಮಾಡಿಕೊಳ್ಳುವ ಯೋಚನೆ ಇದೆಯೆ, ತಾಯಿ ಏನಾಗಿ ತೀರಿಕೊಂಡರು. ತಂಬಾಕಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದೆ. “ಎಲ್ಲಾ ಸೇರಿದ್ರೇ ಕ್ಷೇಮ” ಎಂದರು. ಅಮ್ಮನ ಪ್ರಶ್ನೆಗೆ ನಾನು ‘ಜ್ವರ’ ಎಂದು ಬರೆದೆ. ಹತ್ತು ವರ್ಷದ ಹಿಂದೆ ವೈದ್ಯರು ಒಂದು ಹನಿ ರಕ್ತ ಕೊಟ್ಟರೆ ನನಗೂ ಆ ರೋಗ ಬರುತ್ತದೋ ಇಲ್ಲವೋ ಹೇಳಿಬಿಡುತ್ತೇನೆ ಎಂದಾಗ, ಬೇಡ ಎಂದು ಎದ್ದು ಬಂದವಳು ನಾನು. ನೀವು ಹೊರಗೆ ಬೆಂಚಿನ ಮೇಲೆ ಕೂತಿದ್ದಿರಿ. ನನಗೇ ಬೇಡವಾದದ್ದು ಅವರ ಕಡತಕ್ಕೆ ಯಾಕೆ?

ಅತ್ತೆಯ ಊಹೆ ಪೂರ್ತಿ ಸುಳ್ಳಲ್ಲ. ಉಜ್ಜಿದ ಮಸೂರಗಳನ್ನು ಅಳೆದು ಪಾಸು ಮಾಡುವ ಒಬ್ಬರಿದ್ದಾರೆ, ಎಲ್ಲರೂ ಅಳತೆಯವನು ಎನ್ನುತ್ತೇವೆ. ಊಟದ ಹೊತ್ತಿಗೆ ಎರಡು ಲೋಟ ಚಹಾ ಹಿಡಿದು ಹಳದಿ ಬೆಂಚಿಗೇ ಬಂದು ಕೂರುತ್ತಾರೆ. ಅಷ್ಟೇ. ಅದಕ್ಕಿಂತ ಹೆಚ್ಚೇನೂ ಇಲ್ಲ, ಸದ್ಯಕ್ಕೆ.

ದಯವಿಟ್ಟು ನೀವು ಏನೂ ಮಾಡಬೇಡಿ. ಅಂಟು ಮುಟ್ಟಿದ ದಿನದಿಂದ ಅರವತ್ತು ದಿನ ಕಳೆದರೆ ಮೈ ತಾನೇ ಚೊಕ್ಕವಾಗುತ್ತದೆ.

ನಿಮ್ಮ ಮಗಳು

•

ಫೆಬ್ರುವರಿ ೨೧

ಮಾನ್ಯ ಕ್ಷೇಮಾಧಿಕಾರಿಗಳ ಸನ್ನಿಧಿಗೆ, ಪುಸ್ತಕ ಕಟ್ಟುವ ವೃತ್ತಿಯವನೂ ತಮ್ಮ ಕಾರ್ಖಾನೆಯ ಮಸೂರ ಉಜ್ಜುವಾಕೆಯ ತಂದೆಯೂ ಆದ ವೃದ್ಧನೊಬ್ಬನು ಸವಿನಯವಾಗಿ ಮಾಡಿಕೊಳ್ಳುವ ವಿಜ್ಞಾಪನೆ.

ನನ್ನ ಮಗಳ ದೇಹದಲ್ಲಿ ತಂಬಾಕಿನ ಅಂಶ ಕಂಡುಬಂದಿತೆಂದು ತಿಳಿದು ದುಃಖವಾಯಿತು. ಆಕೆಯ ಮಾತನ್ನು ತಾವು ನಂಬಲಿಲ್ಲವೆಂದು ತಿಳಿದು ಆ ದುಃಖ ಇಮ್ಮಡಿಸಿತು. ಆದರೆ ನಂಬಿಕೆ ಸಾಕ್ಷ್ಯವನ್ನು ಬೇಡುವುದು ನ್ಯಾಯವೇ ಆಗಿದೆ. ಆದ್ದರಿಂದ ಮೂರು ಸಾಕ್ಷ್ಯಗಳನ್ನು ಕ್ರಮವಾಗಿ ನಿವೇದಿಸುತ್ತೇನೆ.

ಮೊದಲನೆಯದು ವಸ್ತುವಿನ ಸಾಕ್ಷ್ಯ. ನಾನು ಬಳಸುವ ಅಂಟಿನ ಒಂದು ಡಬ್ಬಿಯನ್ನೂ ಹೊಗೆಸೊಪ್ಪಿನ ದಂಟಿನ ಒಂದು ಕಟ್ಟನ್ನೂ ಈ ಪತ್ರದೊಂದಿಗೆ ಕಳುಹಿಸಿದ್ದೇನೆ. ತಮ್ಮ ಯಂತ್ರವೇ ಅದನ್ನು ಪರೀಕ್ಷಿಸಲಿ. ಬರಿಗೈಯಲ್ಲಿ ಈ ಅಂಟನ್ನು ಬಳಿಯಲು ಆಕೆಗೆ ಕಲಿಸಿದವನು ನಾನು. ಅಪರಾಧವಿದ್ದರೆ ಅದು ನನ್ನದು.

ಎರಡನೆಯದು ನಡತೆಯ ಸಾಕ್ಷ್ಯ. ಮೂವತ್ತನಾಲ್ಕು ವರ್ಷಗಳಲ್ಲಿ ಆಕೆ ಧೂಮಪಾನ ಮಾಡಿದ್ದನ್ನು ಕಂಡವರಿಲ್ಲ. ಇದಕ್ಕೆ ಆಕೆಯ ಸೋದರತ್ತೆಯೂ ಪ್ರಾರ್ಥನಾ ಮಂದಿರದ ಹಿರಿಯರಿಬ್ಬರೂ ರುಜು ಹಾಕಿದ್ದಾರೆ.

ಮೂರನೆಯದು, ಅತ್ಯಂತ ಬಲವಾದದ್ದು, ಆಕೆಯ ಜೀವನದ ಸಾಕ್ಷ್ಯ. ನನ್ನ ಪತ್ನಿಯು ಕೈನಡುಕದಿಂದ ಆರಂಭವಾಗಿ ನಡಿಗೆ, ಮಾತು, ನೆನಪುಗಳನ್ನು ಒಂದೊಂದಾಗಿ ಕಸಿದುಕೊಂಡ ವ್ಯಾಧಿಯಿಂದ ನಲವತ್ತಾರನೆಯ ವಯಸ್ಸಿನಲ್ಲಿ ದೈವಾಧೀನಳಾದಳು. ಆ ವ್ಯಾಧಿ ವಂಶದಲ್ಲಿ ಇಳಿಯುವಂಥದು, ಸಂತಾನಕ್ಕೆ ಬರುವ ಸಂಭವ ಅರ್ಧಕ್ಕರ್ಧ ಎಂದು ವೈದ್ಯರು ಹೇಳಿದ್ದಾರೆ. ಈ ಭಯವನ್ನು ಎದೆಯೊಳಗಿಟ್ಟುಕೊಂಡು ತನ್ನ ದೇಹವನ್ನು ಕಣ್ಣಿನ ಗೊಂಬೆಯಂತೆ ಕಾಪಾಡಿಕೊಂಡು ಬಂದವಳು, ವಿಷವೆಂದು ಬಲ್ಲ ಹೊಗೆಯನ್ನು ತಾನಾಗಿ ಸೇದುವಳೇ? ತಮ್ಮ ನಮೂನೆಯಲ್ಲಿ ತಾಯಿಯ ಮರಣಕ್ಕೆ ‘ಜ್ವರ’ ಕಾರಣವೆಂದು ಆಕೆ ಬರೆದಿರುವಳೆಂದು ತಿಳಿಯಿತು. ಅದು ವಂಚನೆಯಲ್ಲ, ಮಾಯದ ನೋವು. ಆದರೆ ನಲವತ್ತೆರಡರಲ್ಲಿ ಒಂದು ಅಸತ್ಯವಿದ್ದರೂ ಉಳಿದ ಸತ್ಯಗಳ ಹೊಳಪು ಮಸುಕಾಗುವುದೆಂದು ಅಂಜಿ, ಆಕೆಯ ಪರವಾಗಿ ನಾನು ಅದನ್ನು ತಿದ್ದುತ್ತಿದ್ದೇನೆ. ಪತ್ನಿಯ ವೈದ್ಯಕೀಯ ಪತ್ರದ ನಕಲು ಲಗತ್ತಿಸಿದೆ.

ಸತ್ಯವನ್ನು ಯಾವ ಹಾಳೆಯನ್ನೂ ಬಿಡದೆ ತಮ್ಮ ಮುಂದಿರಿಸಿದ್ದೇನೆ. ತಾವು ನ್ಯಾಯವಂತರೆಂದು ನಂಬಿದ್ದೇನೆ.

ಇತಿ ವಿಜ್ಞಾಪನೆ.

•

ಮಾರ್ಚ್ ೪

ಚಿರಂಜೀವಿ ಮಗಳಿಗೆ ಆಶೀರ್ವಾದಗಳು. ಇತ್ತ ಕ್ಷೇಮ.

ಒಂದು ಸಂತೋಷದ ಸಂಗತಿಯಿದೆ, ಈಗಲೇ ಹೇಳುವುದಿಲ್ಲ. ನಿನ್ನ ಹಳದಿ ಪಟ್ಟಿಗೆ ಇನ್ನು ಹೆಚ್ಚು ದಿನದ ಆಯಸ್ಸಿಲ್ಲವೆಂದಷ್ಟೇ ತಿಳಿ. ನಾಲ್ಕು ದಿನ ಕುಳಿತು, ಮೂರು ಕರಡು ಹರಿದು, ಒಂದು ಬರಹ ಸಿದ್ಧಪಡಿಸಿ ಅಂಚೆಗೆ ಹಾಕಿದ್ದೇನೆ. ನಿನ್ನ ಅತ್ತೆ ಅಕ್ಷರ ಕೂಡಿಸಿಕೊಂಡು ಓದುವವಳಾದ್ದರಿಂದ ರುಜು ಮಾತ್ರ ಹಾಕಿದಳು. ಹಾಕುವಾಗಲೂ ಅವಳದು ತಕರಾರು.

“ಅವಳನ್ನ ಒಂದು ಮಾತು ಕೇಳಿದ್ಯೇನೋ?”

“ಒಳ್ಳೆಯದು ಮಾಡೋದಕ್ಕೂ ಕೇಳಬೇಕೇನಕ್ಕ?”

“ಅದಕ್ಕೇ ಮೊದಲು ಕೇಳಬೇಕು ಕಣೋ ಪಂಡಿತ.”

ಅವಳ ಸ್ವಭಾವ ನಿನಗೆ ಗೊತ್ತೇ ಇದೆ. ಆ ಅಳತೆಯವರು ಯಾವ ಊರಿನವರು, ತಂದೆತಾಯಿಗಳಿದ್ದಾರೆಯೇ, ಬರೆಯುವುದು.

ನಿನ್ನ ತಂದೆ

•

ಮಾರ್ಚ್ ೯

ಅಪ್ಪ,

ಏನು ಬರೆದಿರಿ? ಯಾರಿಗೆ? ಅಮ್ಮನ ವಿಷಯ ಅದರಲ್ಲಿ ಇಲ್ಲ ಎಂದು ಒಂದು ಸಾಲು ಬರೆಯಿರಿ. ಇಲ್ಲ ಎನ್ನುವ ಒಂದು ಪದ ಸಾಕು. ಈ ಕಾಗದ ಸಿಕ್ಕಿದ ದಿನವೇ.

ಮಗಳು

•

ಮಾರ್ಚ್ ೨೯

ವಿಷಯ: ಉದ್ಯೋಗಿಯ ಆರೋಗ್ಯ ಘೋಷಣೆ

೧. ಮಾರ್ಚ್ ೧೮ರಂದು ಪಡೆದ ಮೂತ್ರ ಮತ್ತು ರಕ್ತದ ಮಾದರಿಗಳಲ್ಲಿ ನಿಕೋಟಿನ್ ಅಂಶ ಕಂಡುಬಂದಿಲ್ಲ. ತಂಬಾಕು ಬಳಕೆಯ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ. ಹಳದಿ ಪಟ್ಟಿಯನ್ನು ಹಿಂದಿರುಗಿಸುವುದು.

೨. ಆದರೆ ತಮ್ಮ ತಂದೆಯವರಿಂದ ಬಂದ ಪತ್ರ ಮತ್ತು ಲಗತ್ತುಗಳ ಪ್ರಕಾರ, ನಮೂನೆಯ ೩೭ನೆಯ ಪ್ರಶ್ನೆಗೆ ತಾವು ತಿಳಿದೂ ತಪ್ಪು ಉತ್ತರ ನೀಡಿರುತ್ತೀರಿ. ಇದು ಕೆಲಸದಿಂದ ತೆಗೆಯಲು ತಕ್ಕ ಕಾರಣವಾಗಿದೆ.

೩. ಸೂಕ್ಷ್ಮ ಕೆಲಸಕ್ಕೆ ತಮ್ಮ ಕೈಗಳ ಮುಂದಿನ ಯೋಗ್ಯತೆಯನ್ನು ತಿಳಿಯುವ ಸಲುವಾಗಿ, ಈಗಾಗಲೇ ಲಭ್ಯವಿದ್ದ ರಕ್ತದ ಮಾದರಿಯನ್ನು ಹೆಚ್ಚಿನ ಪರೀಕ್ಷೆಗೆ ಕಳುಹಿಸಲಾಗಿದೆ. ಆರೋಗ್ಯ ಪರೀಕ್ಷೆಗೆ ತಾವು ನೀಡಿದ ಒಪ್ಪಿಗೆ ಇದಕ್ಕೂ ಅನ್ವಯಿಸುತ್ತದೆ. ಫಲಿತಾಂಶದ ಪ್ರತಿಯನ್ನು ವಿಭಾಗದಿಂದ ಪಡೆದುಕೊಳ್ಳಬಹುದು.

೪. ತಮ್ಮ ತಂದೆಯವರು ಕಳುಹಿಸಿದ ಅಂಟಿನ ಡಬ್ಬಿಯನ್ನು ನಿಯಮದಂತೆ ನಾಶಪಡಿಸಲಾಗಿದೆ.

ಕ್ಷೇಮ ವಿಭಾಗ

•

ಏಪ್ರಿಲ್ ೧೫

ಕ್ಷೇಮ ವಿಭಾಗದ ಕಾಗದವನ್ನು ಕಳಿಸಿದ್ದೇನೆ, ಓದಿ. ಅದರ ಜೊತೆಗಿರುವ ಅಂಟಿಸಿದ ಲಕೋಟೆಯನ್ನು ಒಡೆಯಬೇಡಿ. ಅದರೊಳಗೆ ಇರುವುದು ನನ್ನ ರಕ್ತದ ಉತ್ತರ.

ನೀವು ಬರೆದ ವಿಜ್ಞಾಪನೆಯನ್ನು ನನಗೆ ಓದಲು ಕೊಟ್ಟರು. ಎದುರಿಗೆ ಕೂರಿಸಿಕೊಂಡು. ಚೆನ್ನಾಗಿದೆ. ಒಂದು ಕಾಗುಣಿತವೂ ತಪ್ಪಿಲ್ಲ. ‘ಕಣ್ಣಿನ ಗೊಂಬೆಯಂತೆ’ ಎಂಬಲ್ಲಿ ಅವರು ಕೆಂಪು ಗೆರೆ ಎಳೆದಿದ್ದರು. ಅದು ಹೊಗಳಿಕೆಗೆ ಎಳೆದದ್ದಲ್ಲ. ಪಕ್ಕದಲ್ಲಿ ‘ಅಪಾಯದ ಅರಿವು ಇತ್ತು’ ಎಂದು ಬರೆದಿದ್ದರು.

ಲಕೋಟೆ ಕೊಡುವಾಗ ಕ್ಷೇಮಾಧಿಕಾರಿ ನನ್ನ ಮುಖ ನೋಡಲಿಲ್ಲ. ಕೈ ನೋಡಿದರು.

“ನಾನು ಇದನ್ನ ಕೇಳಿರ್ಲಿಲ್ಲ ಮೇಡಂ.”

“ಗೊತ್ತಿದ್ರೆ ಒಳ್ಳೇದಲ್ವೇನಮ್ಮ?”

“ಯಾರಿಗೆ?”

ಆವತ್ತು ಮೊದಲ ಬಾರಿ ಅವರು ನನಗೆ ಕುರ್ಚಿ ಎಳೆದು ಕೊಟ್ಟರು, ಬಾಗಿಲವರೆಗೆ ಜೊತೆಗೆ ಬಂದರು, ಮೆಟ್ಟಿಲ ಹತ್ತಿರ “ಹುಷಾರು” ಎಂದರು. ನಾಲ್ಕೇ ಮೆಟ್ಟಿಲು.

ಕಡತವನ್ನು ಟೈಪು ಮಾಡಿದವಳು ಯಾರಿಗೆ ಹೇಳಿದಳೋ, ಅವರು ಯಾರಿಗೆ ಹೇಳಿದರೋ. ಸಂಜೆಯ ಹೊತ್ತಿಗೆ ಇಡೀ ಸಾಲಿಗೆ ಗೊತ್ತಿತ್ತು. ಲಕೋಟೆ ಒಡೆಯದವಳು ನಾನೊಬ್ಬಳೇ. ಅಳತೆಯವರು ಚಹಾ ತಂದರು. ಯಾವಾಗಲೂ ಒಂದು ಕೈಯಲ್ಲಿ ಚಾಚುತ್ತಿದ್ದವರು, ಆವತ್ತು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಬೆರಳು ಸರಿಯಾಗಿ ಹಿಡಿದವೋ ಎಂದು ನೋಡಿ, ಆಮೇಲೆ ಬಿಟ್ಟರು. ಆಸ್ಪತ್ರೆಯಲ್ಲಿ ನೀವು ಅಮ್ಮನಿಗೆ ನೀರು ಕೊಡುತ್ತಿದ್ದ ಹಾಗೆ. ಒಳ್ಳೆಯವರೇ. ಆ ಚಹಾ ನಾನು ಕುಡಿಯಲಿಲ್ಲ. ಮರುದಿನದಿಂದ ಅವರಿಗೆ ಬೇರೆ ಕಡೆ ಕೆಲಸವಿತ್ತು.

ನಾನು ರಾಜೀನಾಮೆ ಕೊಟ್ಟೆ. ತೆಗೆಯುವವರೆಗೆ ಕಾಯಲಿಲ್ಲ.

ಅಪ್ಪ, ಹತ್ತು ವರ್ಷ ನಾನು ಪ್ರತಿ ಬೆಳಿಗ್ಗೆ ಎದ್ದು ‘ಗೊತ್ತಿಲ್ಲ’ ಎನ್ನುವ ಒಂದು ಪದದ ಮೇಲೆ ನಿಂತು ಹಲ್ಲುಜ್ಜಿ, ರೈಲು ಹತ್ತಿ, ಮಸೂರ ಉಜ್ಜಿದೆ. ಅಷ್ಟು ಅಗಲ ಸಾಕಾಗಿತ್ತು. ಈಗ ಚಮಚ ಬಿದ್ದರೆ ನೋಡುತ್ತೇನೆ. ಸಹಿ ಹಾಕಿ ನೋಡುತ್ತೇನೆ. ಯಾರಾದರೂ ಕನಿಕರದಿಂದ ಮಾತಾಡಿದರೆ ಅವರಿಗೆ ಎಷ್ಟು ಗೊತ್ತಿರಬಹುದು ಎಂದು ಲೆಕ್ಕ ಹಾಕುತ್ತೇನೆ.

ನೀವು ಸುಳ್ಳು ಬರೆಯಲಿಲ್ಲ. ನನಗೆ ಬೇಕಿದ್ದದ್ದು ಸುಳ್ಳು ಹೇಳುವ ಅಪ್ಪ, ಒಂದೇ ಒಂದು ಸಲ.

ಒಂದು ಹಾಳೆಯನ್ನೂ ಬಿಡಲಾರದವರು ನೀವು. ಆದ್ದರಿಂದ ಈ ಹಾಳೆ ನಿಮ್ಮ ಹತ್ತಿರವೇ ಇರಲಿ. ಹರಿಯಲು ನನ್ನ ಕೈ ಬರಲಿಲ್ಲ, ಒಡೆಯಲೂ ಬರಲಿಲ್ಲ. ನಾನು ಬೇರೆ ಊರಿಗೆ ಹೋಗುತ್ತಿದ್ದೇನೆ. ನೀವು ಬರೆದರೆ ಅತ್ತೆಯ ಗೆಳತಿ ತಲುಪಿಸುತ್ತಾರೆ. ಬರೆದರೆ, ಕ್ಷೇಮವೇ ಎಂದು ಮಾತ್ರ ಕೇಳಬೇಡಿ.

•

ಅಂತರಂಗವನ್ನು ಬಲ್ಲವನೂ, ಬಲ್ಲೆನೆಂದು ಯಾರಲ್ಲಿಯೂ ಹೇಳದವನೂ ಆದ ಪರಮಾತ್ಮನಿಗೆ ನಮಸ್ಕರಿಸಿ.

ಪಂಚಮ ಮಾಸ, ಇಪ್ಪತ್ತನೆಯ ದಿನ, ಸೋಮವಾರ, ಮಧ್ಯಾಹ್ನ. ಹನ್ನೆರಡನೆಯ ಸಂಪುಟ ರಟ್ಟು ಒತ್ತುವ ಪ್ರೆಸ್ಸಿನಿಂದ ಹೊರಬಂದ ದಿನ.

ಚಿರಂಜೀವಿ ಮಗಳಿಗೆ.

ಆಶೀರ್ವಾದವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲಿಗೇ ಹೇಳುವ ಅರ್ಹತೆ ನನಗುಳಿದಿಲ್ಲ.

ನಿನ್ನ ಕಾಗದವನ್ನು ಓದಿ ಮುಗಿಸಿದಾಗ ನಿನ್ನ ಅತ್ತೆ ಎದುರಿಗಿದ್ದಳು. ಗಟ್ಟಿಯಾಗಿ ಓದೆಂದಳು. ನನ್ನ ವಿಜ್ಞಾಪನೆಯ ನಕಲನ್ನೂ ತೆಗೆಸಿ ಓದಿಸಿದಳು. ಮೂರನೆಯ ಸಾಕ್ಷ್ಯಕ್ಕೆ ಬಂದಾಗ ಅವಳ ಕೈಯಲ್ಲಿದ್ದ ನಶ್ಯದ ಡಬ್ಬಿ ನೆಲಕ್ಕೆ ಬಿತ್ತು. “ನನ್ನ ರುಜು ಇದರ ಕೆಳಗೆ ಹಾಕಿಸಿಕೊಂಡ್ಯಾ?” ಎಂದಳು. ಆಮೇಲೆ ಹೇಳಿದಳು: “ಅವಳು ಉಜ್ಜಿ ಕೊಟ್ಟ ಭೂತಗನ್ನಡಿ ಹಿಡ್ಕೊಂಡೇ ಬರೆದೆಯಲ್ಲೋ. ಅಕ್ಷರ ದೊಡ್ಡದಾಗಿ ಕಂಡ್ವು. ಮಗಳು ಕಾಣ್ಲಿಲ್ಲ.” ಅಂದಿನಿಂದ ಅವಳು ನನ್ನೊಡನೆ ಮಾತಾಡಿಲ್ಲ. ಹೊಲಿದ ಹಾಳೆಗಳನ್ನು ಮೇಜಿನ ಮೇಲಿಟ್ಟು ಹೋಗುತ್ತಾಳೆ. ಮೊದಲೇ ಕೇಳದ ಕಿವಿಗೆ ಈ ಮೌನ ಮಾತ್ರ ಹೇಗೆ ಇಷ್ಟು ಜೋರಾಗಿ ಕೇಳಿಸುತ್ತದೆಯೋ ತಿಳಿಯದು.

ನನ್ನನ್ನು ಸಮರ್ಥಿಸಿಕೊಳ್ಳಲು ಬರೆಯುತ್ತಿಲ್ಲ. ಆದರೂ ಹೇಳಬೇಕಾದದ್ದೊಂದಿದೆ. ಐವತ್ತು ವರ್ಷ ನಾನು ಪುಸ್ತಕ ಕಟ್ಟಿದೆ. ಒಂದು ಹಾಳೆ ತಪ್ಪಿದ ಗ್ರಂಥ ಅಶುದ್ಧ ಎಂಬುದೇ ನನ್ನ ಧರ್ಮವಾಗಿತ್ತು. ಓದುವವನು ಸಜ್ಜನನೆಂದು ಭಾವಿಸಿಯೇ ಕಟ್ಟುವವನು ಕಟ್ಟುತ್ತಾನೆ. ಹುಳುವೊಂದೇ ಶತ್ರುವೆಂದು ತಿಳಿದಿದ್ದೆ. ಮನುಷ್ಯನನ್ನು ಗ್ರಂಥವೆಂದು ಬಗೆದು, ನಿನ್ನ ಅಪ್ಪಣೆಯಿಲ್ಲದೆ ನಿನ್ನನ್ನು ತೆರೆದು ಪರರ ಮೇಜಿನ ಮೇಲಿಟ್ಟೆ. ಮಾರ್ಚ್ ಒಂಬತ್ತರಂದು ನೀನು ಕೇಳಿದ ‘ಇಲ್ಲ’ ಎಂಬ ಒಂದು ಪದವನ್ನು ಬರೆಯಲು ನನಗಾಗಲಿಲ್ಲ. ಅದು ಸುಳ್ಳಾಗುತ್ತಿತ್ತು. ‘ಇದೆ’ ಎಂದೂ ಬರೆಯಲಿಲ್ಲ. ಅದು ಹೇಡಿತನ. ನನ್ನ ಸತ್ಯನಿಷ್ಠೆಯೆಲ್ಲ ಆ ಎರಡು ಪದಗಳ ನಡುವೆ ಮುಗಿದುಹೋಯಿತು.

ಈಗ ಲಕೋಟೆಯ ವಿಷಯ. ಅದು ಎಂಟು ದಿನ ನನ್ನ ಮೇಜಿನ ಮೇಲಿತ್ತು. ನಿನ್ನಿಂದ ಇನ್ನು ಏನನ್ನೂ ಮುಚ್ಚಿಡಲಾರೆ: ಒಂದು ಬೆಳಿಗ್ಗೆ ಅದನ್ನು ಕಿಟಕಿಯ ಬೆಳಕಿಗೆ ಎತ್ತಿದೆ. ಎದೆಯ ಮಟ್ಟದವರೆಗೆ. ಅದಕ್ಕಿಂತ ಮೇಲೆ ನನ್ನ ಕೈ ಹೋಗಲಿಲ್ಲ. ಬೆಂಕಿಗೆ ಹಾಕಬಹುದಿತ್ತು. ಅದನ್ನು ಇಟ್ಟುಕೊಳ್ಳಲು ನೀನು ಹೇಳಿದ್ದೆ. ನಿನ್ನ ಮಾತನ್ನು ಮೀರಿ ಒಳ್ಳೆಯದು ಮಾಡುವ ಚಟ ನನಗೆ ಸಾಕಾಗಿದೆ.

ಆದ್ದರಿಂದ ನನಗೆ ತಿಳಿದ ಒಂದೇ ಕೆಲಸವನ್ನು ಮಾಡಿದೆ. ಹನ್ನೆರಡು ಸಂಪುಟಗಳಿಂದ ಉಳಿದ ಬಿಳಿಯ ಹಾಳೆಗಳನ್ನು ಸೇರಿಸಿ ಹೊಲಿದು ಒಂದು ಪುಸ್ತಕ ಕಟ್ಟಿದೆ. ಒಂದಕ್ಷರವೂ ಇಲ್ಲದ ಪುಸ್ತಕ. ನಾನು ಹೊಲಿಯುತ್ತಿದ್ದುದನ್ನು ಕಂಡು ನಿನ್ನ ಅತ್ತೆ ಬಂದು, ಮಾತಾಡದೆ, ನನ್ನ ಕೈಯಿಂದ ಸೂಜಿ ಕಿತ್ತುಕೊಂಡು ಉಳಿದದ್ದನ್ನು ತಾನೇ ಹೊಲಿದಳು. ಲಕೋಟೆಯನ್ನು ಹಿಂಬದಿಯ ರಟ್ಟಿನ ಎರಡು ಪದರಗಳ ನಡುವೆ ಇಟ್ಟು, ಮೇಲೆ ಚರ್ಮ ಹೊದಿಸಿ, ಪ್ರೆಸ್ಸಿನಲ್ಲಿ ಬಿಗಿದೆ. ಪುಸ್ತಕವನ್ನು ಕತ್ತಿಯಿಂದ ಕೊಲ್ಲದೆ ಅದನ್ನು ಇನ್ನು ಯಾರೂ ಓದಲಾರರು.

ಅಂಟಿಗೆ ಹೊಗೆಸೊಪ್ಪು ಹಾಕಲಿಲ್ಲ. ಐವತ್ತು ವರ್ಷಗಳಲ್ಲಿ ಇದೇ ಮೊದಲು. ಬಿಳಿಯ ಹಿಟ್ಟು, ಬರಿಯ ನೀರು. ಪುಸ್ತಕವನ್ನು ಕಪಾಟಿನ ಕೆಳಗಿನ ಸಾಲಿನಲ್ಲಿ, ಹಸಿ ಗೋಡೆಗೆ ತಾಗಿಸಿ ಇಟ್ಟಿದ್ದೇನೆ. ಕಾಗದ ತಿನ್ನುವ ಬೆಳ್ಳಿಹುಳುಗಳು ಅಲ್ಲಿಗೇ ಬರುವುದು. ಅವಕ್ಕೆ ಓದಲು ಬರುವುದಿಲ್ಲ, ಕಡತ ಇಡಲು ಬರುವುದಿಲ್ಲ, ಕನಿಕರಪಡಲೂ ಬರುವುದಿಲ್ಲ. ನಿನ್ನ ಗುಟ್ಟನ್ನು ಒಪ್ಪಿಸಲು ಅವಕ್ಕಿಂತ ನಂಬಿಗಸ್ತರು ನನಗೆ ಈ ಲೋಕದಲ್ಲಿ ಸಿಗಲಿಲ್ಲ.

ನೀನು ಬರುವೆಯೆಂದು ಕಾಯುವ ಅಧಿಕಾರ ನನಗಿಲ್ಲ. ಬಂದರೆ, ಆ ಪುಸ್ತಕವನ್ನು ಬರಿಗೈಯಲ್ಲಿ ಮುಟ್ಟಬಹುದು. ಯಾವ ಯಂತ್ರಕ್ಕೂ ಅದು ತಿಳಿಯದು. ಕೇಳಬಾರದೆಂದ ಪ್ರಶ್ನೆಯನ್ನು ಕೇಳುವುದಿಲ್ಲ. ಇದು ಆ ಪದವಿಲ್ಲದೆ ನಾನು ಬರೆದ ಮೊದಲ ಕಾಗದ, ಬರೆಯುವುದು ಕಷ್ಟವಾಯಿತು.

ಇನ್ನು ಆಶೀರ್ವಾದ. ಯಂತ್ರ ಹೇಳಿದ್ದನ್ನೇ ಹೇಳಿದ ಆ ಅಧಿಕಾರಿಗೆ ಮಂಗಳವಾಗಲಿ. ಆಕೆಯ ಮನೆಯ ಬಾಗಿಲುಗಳು ಪೂರ್ತಿ ಮುಚ್ಚುವಂತಾಗಲಿ. ಬಾಯಿ ತಡೆಯದೆ ಹೇಳಿದ ಟೈಪಿನವಳಿಗೂ, ಲೋಟವನ್ನು ಎರಡು ಕೈಯಲ್ಲಿ ಹಿಡಿದ ಆ ಅಳತೆಯವನಿಗೂ ಮಂಗಳವಾಗಲಿ. ಮಾತು ಬಿಟ್ಟೂ ಸೂಜಿ ಹಿಡಿದ ನಿನ್ನ ಅತ್ತೆಗೆ ಮಂಗಳವಾಗಲಿ. ಜ್ವರದಿಂದ ತೀರಿಕೊಂಡ ನಿನ್ನ ತಾಯಿಯ ಆತ್ಮಕ್ಕೆ ಶಾಂತಿಯಿರಲಿ. ನಿನಗೂ, ನಿನ್ನ ಎರಡು ಕೈಗಳಿಗೂ, ಅವು ಇಂದು ಹೇಗಿದ್ದರೂ ನಾಳೆ ಹೇಗಾದರೂ, ಮಂಗಳವಾಗಲಿ.

ನಿನ್ನ ತಂದೆ